ಕೆರೆ ಅಂಗಳದ ಬೆಳೆ

ಹೈದರಾಬಾದಿನಲ್ಲಿ ನನ್ನ ಕೆಲಸ ಉಪಗ್ರಹ ಚಿತ್ರ ನೋಡಿ ಇದು ಹೊಲ, ಇದು ನೀರು, ಇದು ಬೀಳು ಎಂದು ಗುರುತಿಸುವ ಪ್ರೋಗ್ರಾಂ ಬರೆಯುವುದು. 2023ರ ಬರಗಾಲದಲ್ಲಿ ಪರೀಕ್ಷೆಗೆಂದು ಶಿರಾ ಕಡೆಯ ನಮ್ಮೂರನ್ನೇ ಆರಿಸಿಕೊಂಡೆ. ಉತ್ತರ ಗೊತ್ತಿರುವ ಲೆಕ್ಕ ಅಲ್ಲವೇ!

ಅವಸರಕ್ಕೆ ಬಣ್ಣದ ಚಿತ್ರವನ್ನೇ ತೆಗೆದುಕೊಂಡು ಕೆಂಪು, ಹಸಿರು, ನೀಲಿ ಎಂದು ಮೂರು ಪದರ ಬಿಡಿಸಿದೆ. ಪ್ರೋಗ್ರಾಂ ಊರ ತುಂಬ ಬೆಳೆ ತೋರಿಸಿತು. ರಾತ್ರಿ ಫೋನಿನಲ್ಲಿ ಹೇಳಿದರೆ ಅಪ್ಪ, "ಕೆರೆ ಅಂಗಳದಾಗೆ ಯಾವ ಬೆಳೆ ಐತಪ್ಪಾ? ಅದು ಬಳ್ಳಾರಿ ಜಾಲಿ. ಕಡಲೆಕಾಯಿ ಒಣಗಿ ತಿಂಗಳಾತು" ಎಂದರು.

ಮೊದಲು ನಗು ಬಂತು. ಆಮೇಲೆ ಬರಲಿಲ್ಲ. ಇಂಥ ನಕ್ಷೆ ನೋಡಿ ಬೆಳೆಹಾನಿ ಅಂದಾಜು ಮಾಡುವವರಿದ್ದಾರೆ. ಜಾಲಿಯೆಲ್ಲ ಬೆಳೆಯಾದರೆ ಊರಿಗೆ ಬರವೇ ಬಂದಿಲ್ಲ ಎಂದಾಯಿತು.

ತಪ್ಪು ಬುಡದಲ್ಲೇ ಇತ್ತು. ಬಣ್ಣದ ಚಿತ್ರವೆಂದರೆ ಮೂರು ಬ್ಯಾಂಡ್ ಬೆರೆಸಿ, ಕಣ್ಣಿಗೆ ಚೆಂದ ಕಾಣಲೆಂದು ತಿದ್ದಿ ಕೊಟ್ಟದ್ದು. ಬಿಡಿಸಿದರೆ ಆ ಮೂರೇ ಸಿಗುತ್ತವೆ, ಅವೂ ತಿದ್ದಿದವು. ಸಾರು ಸೋಸಿದರೆ ಬೇಳೆ ಸಿಕ್ಕೀತು, ಹಾಕದ ಮೆಂತ್ಯ ಸಿಗುವುದಿಲ್ಲ. ಸೆಂಟಿನೆಲ್-2 ಉಪಗ್ರಹ ದಾಖಲಿಸುವುದು 13 ಬ್ಯಾಂಡ್. ಅದರಲ್ಲಿ ನಮ್ಮ ಕಣ್ಣಿಗೆ ಕಾಣದ ಸಮೀಪ ಅವಕೆಂಪು ಬಹಳ ಮುಖ್ಯ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಅವಕೆಂಪನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ನೀರು ಅದನ್ನು ನುಂಗಿಬಿಡುತ್ತದೆ. ಒಣ ಮಣ್ಣಿನಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ಎರಡರ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಎಂಬ ಅಂಕಿ. 10 ಮೀಟರ್ ಉದ್ದಗಲದ ಒಂದೊಂದು ತುಂಡು ನೆಲಕ್ಕೂ ಒಂದೊಂದು.

ಮೂಲ ಬ್ಯಾಂಡುಗಳನ್ನೇ ಬಿಡಿಬಿಡಿಯಾಗಿ ಇಳಿಸಿಕೊಂಡು ಮತ್ತೆ ಓಡಿಸಿದೆ. ಒಣಗಿದ ಕಡಲೆಕಾಯಿ ಹೊಲಗಳು ಒಣಗಿದಂತೆಯೇ ಕಂಡವು. ಜಾಲಿ ಮಾತ್ರ ಜಗ್ಗಲಿಲ್ಲ. ಅದರದೂ ಹಸಿರೆಲೆಯೇ ತಾನೆ. ಇನ್ನಷ್ಟು ಬ್ಯಾಂಡ್ ಸೇರಿಸು ಎಂದಿತು ನನ್ನ ಎಂಟೆಕ್. ಅಪ್ಪ, "ಬ್ಯಾಸಿಗೇದು ನೋಡು. ಆಗ್ಲೂ ಹಸಿರಿದ್ರೆ ಜಾಲಿ" ಎಂದರು. ಏಪ್ರಿಲ್ ತಿಂಗಳ ಬ್ಯಾಂಡುಗಳನ್ನೂ ಜೊತೆಗಿಟ್ಟೆ. ಕೆರೆ ಅಂಗಳ ಬೆಳೆಯಿಂದ ಬೇರೆಯಾಯಿತು.

ಈಗ ಉಳಿದಿರುವ ತೊಂದರೆ ಒಂದೇ. ವರ್ಷವಿಡೀ ಹಸಿರಾಗಿರುವ ಅಪ್ಪನ ತೆಂಗಿನ ತೋಟವೂ ಜಾಲಿಯ ಲೆಕ್ಕಕ್ಕೆ ಹೋಗಿದೆ. ಅದನ್ನು ಸರಿಪಡಿಸುವವರೆಗೆ ಫೋನಿನಲ್ಲಿ ನಕ್ಷೆಯ ಮಾತು ಎತ್ತುತ್ತಿಲ್ಲ.