ದೊಡ್ಡ ಪಡಸಾಲೆಯ ಕಿಟಕಿ

ಘತ್ತರಗಿಯ ಭಾಗ್ಯವಂತಿ ದೇವಿಯ ದರ್ಶನಕ್ಕಾಗಿ ಅಮಾವಾಸ್ಯೆಯಂದು ಬರುವ ಭಕ್ತಸಮೂಹದಲ್ಲಿ ಊರವರ ಬೀಗರೂ ಬಂಧುಗಳೂ ಸೇರಿರುವುದರಿಂದ, ಭೀಮಾತೀರದ ಈ ಗ್ರಾಮದಲ್ಲಿ ಮನೆ ಕಟ್ಟಿಸುವವನು ಕೇವಲ ತನ್ನ ಮಕ್ಕಳುಮರಿಗಳನ್ನು ಎಣಿಸಿ ಪಡಸಾಲೆಯ ಅಳತೆಯನ್ನು ನಿಶ್ಚಯಿಸುವಂತಿಲ್ಲ. ಹತ್ತಿಪ್ಪತ್ತು ಮಂದಿ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ, ರಾತ್ರಿ ಅಲ್ಲಿಯೇ ಹಾಸಿಕೊಂಡು ಮಲಗುವ ಸ್ಥಳವದು. ಅಂಥ ವಿಶಾಲವಾದ ಸ್ಥಳಕ್ಕೆ ಕಿಟಕಿಗಳನ್ನು ಆರಿಸುವಾಗ ನಡೆಯುವ ಚರ್ಚೆಯಾದರೋ, ಚೌಕಟ್ಟು ಸಾಗುವಾನಿಯದಿರಲೋ ಅಲ್ಯೂಮಿನಿಯಮ್ಮಿನದಿರಲೋ, ಗಾಜು ಬಿಳಿಯದಿರಲೋ ಬಣ್ಣದ್ದಿರಲೋ ಎಂಬಲ್ಲಿಗೆ ಮುಗಿದುಹೋಗುತ್ತದೆ. ಬೆಳಕು, ಉಷ್ಣ, ವಾಯು ಎಂಬ ಮೂರು ಪ್ರವಾಹಗಳನ್ನು ಏಕಕಾಲದಲ್ಲಿ ಆಳಬೇಕಾದ ಯಂತ್ರ ಕಿಟಕಿ. ಅದು ಯಾವ ದಿಕ್ಕಿಗೆ ಮುಖಮಾಡಿದೆ, ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುವೇ ಅದರ ಗುಣವನ್ನು ಬಹುಮಟ್ಟಿಗೆ ನಿರ್ಣಯಿಸುತ್ತವೆ. ದ್ರವ್ಯದ ಪ್ರಶ್ನೆ ಆಮೇಲಿನದು.

ಮೊದಲು ಸೂರ್ಯನ ಗತಿಯನ್ನು ನೋಡಬೇಕು. ಘತ್ತರಗಿಯು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 17 ಅಂಶಗಳ ಅಕ್ಷಾಂಶದಲ್ಲಿರುವ ಕಾರಣ, ಸೂರ್ಯನು ವರ್ಷಕ್ಕೆ ಎರಡು ಸಲ, ಮೇ ತಿಂಗಳ ಎರಡನೆಯ ವಾರದ ಸುಮಾರಿಗೂ ಆಗಸ್ಟ್ ತಿಂಗಳ ಆರಂಭದಲ್ಲಿಯೂ, ನಡುಹಗಲಿನಲ್ಲಿ ಈ ಊರಿನ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಡಿಸೆಂಬರ್ ಉತ್ತರಾರ್ಧದಲ್ಲಿ ದಕ್ಷಿಣಕ್ಕೆ ಬಾಗಿ, ಮಧ್ಯಾಹ್ನದಲ್ಲಿಯೂ ಕ್ಷಿತಿಜದಿಂದ 49 ಅಂಶಗಳಷ್ಟೇ ಎತ್ತರದಲ್ಲಿರುತ್ತಾನೆ. ನಾಲ್ಕು ಅಡಿ ಎತ್ತರದ ತೆಂಕಣ ಕಿಟಕಿಯ ನೆತ್ತಿಗೆ ಹೊಂದಿದಂತೆ ಎರಡು ಅಡಿ ಚಾಚಿದ ಸಜ್ಜೆಯೊಂದಿದ್ದರೆ, ಮಾರ್ಚ್ ಕೊನೆಯ ಮಧ್ಯಾಹ್ನದ ಬಿಸಿಲು ಕಿಟಕಿಯನ್ನು ಮುಟ್ಟುವುದೇ ಇಲ್ಲ. ಚಳಿಗಾಲದಲ್ಲಿ ಮಾತ್ರ ಕಿಟಕಿಯ ಕೆಳಗಿನ ಒಂದೂವರೆ ಅಡಿಗೂ ಮಿಕ್ಕ ಭಾಗದಿಂದ ಒಳಗೆ ಇಳಿದು ನೆಲವನ್ನು ಬೆಚ್ಚಗಾಗಿಸುತ್ತದೆ. ಪಡುವಣ ಗೋಡೆಯಲ್ಲಿ ಈ ಲೆಕ್ಕ ನಡೆಯದು. ಏಪ್ರಿಲ್ ಅಂತ್ಯದ ಸಂಜೆ ಐದರ ವೇಳೆಗೆ ಸೂರ್ಯನು 25 ಅಂಶಗಳಿಗಿಂತ ಕೆಳಗೆ ಇಳಿದಿರುತ್ತಾನೆ. ಅದೇ ಸಜ್ಜೆಯ ನೆರಳು ಆಗ ಒಂದು ಅಡಿಯನ್ನೂ ಮುಚ್ಚಲಾರದು. ಗಾಜಿನ ಸ್ವಭಾವವೂ ಇಲ್ಲಿ ಪ್ರತಿಕೂಲ: ಬಿಸಿಲನ್ನು ಅದು ಒಳಗೆ ಬಿಡುತ್ತದೆ, ಬಿಸಿಯಾದ ನೆಲವೂ ಗೋಡೆಯೂ ಹೊರಸೂಸುವ ದೀರ್ಘ ತರಂಗದ ಉಷ್ಣವನ್ನು ಹೊರಕ್ಕೆ ಹೋಗಗೊಡುವುದಿಲ್ಲ.

ನಮ್ಮ ಹಿರಿಯರ ಮಣ್ಣಿನ ಮಾಳಿಗೆಯ ಮನೆಗಳು ಈ ಉಷ್ಣವನ್ನು ಬೇರೊಂದು ವಿಧದಿಂದ ಎದುರಿಸಿದುವು. ಎರಡು ಅಡಿಗೂ ಮೀರಿದ ದಪ್ಪದ ಕಲ್ಲುಗೋಡೆಯಲ್ಲಿ ಹಗಲಿನ ಕಾವು ಒಳಮೈಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿರುತ್ತಿತ್ತು. ಗೋಡೆಯಲ್ಲಿ ಕಿಟಕಿಗಳು ವಿರಳ, ಇದ್ದವೂ ಸಣ್ಣವು. ಆದರೆ ಜಂತಿಗಳ ನಡುವೆ, ಮಾಳಿಗೆಯನ್ನು ಭೇದಿಸಿ, ಒಂದು ಬೆಳಕಿಂಡಿ ಇರುತ್ತಿತ್ತು. ಮಳೆ ಬಂದಾಗ ಅದನ್ನು ಮುಚ್ಚುತ್ತಿದ್ದರು. ಹೆಸರು ಬೆಳಕಿನದಾದರೂ ಅದರ ಉಪಕಾರ ಬೆಳಕಿಗೆ ಸೀಮಿತವಾಗಿರಲಿಲ್ಲ. ಒಂದು ಘನಮೀಟರ್ ಗಾಳಿಯು 30 ಡಿಗ್ರಿಯಿಂದ 40 ಡಿಗ್ರಿಗೆ ಕಾದರೆ ಸುಮಾರು 35 ಗ್ರಾಂನಷ್ಟು ಹಗುರಾಗುತ್ತದೆ. ಹಗುರಾದ ಗಾಳಿ ಮೇಲೇರಿ ಕಿಂಡಿಯಿಂದ ಹೊರಬೀಳುತ್ತದೆ, ಅದರ ಸ್ಥಾನಕ್ಕೆ ಬಾಗಿಲ ಬಳಿಯ ತಂಪುಗಾಳಿ ತಾನಾಗಿಯೇ ಬರುತ್ತದೆ. ಹೊರಗೆ ಎಲೆ ಅಲುಗದ ರಾತ್ರಿಯಲ್ಲಿಯೂ ಈ ಚಲನೆ ನಿಲ್ಲುವುದಿಲ್ಲ. ಒಳಬರುವ ದ್ವಾರಕ್ಕೂ ಹೊರಹೋಗುವ ದ್ವಾರಕ್ಕೂ ಇರುವ ಎತ್ತರದ ಅಂತರ ನಾಲ್ಕು ಪಟ್ಟಾದರೆ ಪ್ರವಾಹ ಎರಡು ಪಟ್ಟಾಗುತ್ತದೆಂಬುದು ಭೌತಶಾಸ್ತ್ರದ ನಿಯಮ. ಸಿಮೆಂಟಿನ ಸ್ಲ್ಯಾಬು ಬಂದ ಮೇಲೆ ನಾವು ಬೆಳಕಿಂಡಿಯನ್ನು ಬಿಟ್ಟೆವು; ಗೋಡೆಯನ್ನೂ ಒಂಬತ್ತು ಅಂಗುಲಕ್ಕೆ ಇಳಿಸಿದೆವು. ಎರಡು ರಕ್ಷೆಗಳನ್ನು ಒಟ್ಟಿಗೆ ಕಳೆದುಕೊಂಡ ಪಡಸಾಲೆ ಬೇಸಿಗೆಯ ರಾತ್ರಿಯಲ್ಲಿ ಬೇಯುವುದು ಇದರ ಸಹಜ ಪರಿಣಾಮ.

ಗಾಳಿ ಬೀಸುವಾಗಿನ ವ್ಯಾಪಾರ ಇನ್ನೊಂದು. ಗಾಳಿ ಬಂದು ತಾಗುವ ಗೋಡೆಯ ಮೇಲೆ ಒತ್ತಡ ಹೆಚ್ಚುತ್ತದೆ, ಅದರ ಎದುರಿನ ಗೋಡೆಯ ಹೊರಗೆ ತಗ್ಗುತ್ತದೆ. ಎರಡು ಕಡೆಗಳಲ್ಲಿಯೂ ದ್ವಾರವಿಲ್ಲದಿದ್ದರೆ ಒಂದೇ ಗೋಡೆಯ ಮಹಾಕಿಟಕಿಯೂ ನಿಷ್ಫಲ. ಹೊರಹೋಗುವ ದ್ವಾರವನ್ನು ಒಳಬರುವುದಕ್ಕಿಂತ ದೊಡ್ಡದಾಗಿಟ್ಟರೆ ಒಳಬರುವಲ್ಲಿ ವೇಗ ಹೆಚ್ಚುತ್ತದೆ. ನೆಲದ ಮೇಲೆ ಕುಳಿತು ಮಲಗುವ ಕುಟುಂಬಕ್ಕೆ ಗಾಳಿ ಬೇಕಾದದ್ದು ನೆಲದಿಂದ ಒಂದೂವರೆ ಅಡಿಯ ಮಟ್ಟದಲ್ಲಿ; ಮೂರು ಅಡಿಯ ಮೇಲೆ ಆರಂಭವಾಗುವ ಕಿಟಕಿಯ ಗಾಳಿ ಮಲಗಿದವರ ಮೇಲೆ ಹಾದುಹೋಗುವುದೇ ಹೊರತು ಮೈಗೆ ತಾಗುವುದಿಲ್ಲ. ಜಾರುವ ಬಾಗಿಲಿನ ಕಿಟಕಿ ಎಷ್ಟು ದೊಡ್ಡದಾದರೂ ಅರ್ಧ ಮಾತ್ರ ತೆರೆಯುತ್ತದೆಂಬುದನ್ನೂ, ಕದದ ಕಿಟಕಿ ಪೂರ್ಣವಾಗಿ ತೆರೆಯುತ್ತದೆಂಬುದನ್ನೂ ಕೊಳ್ಳುವವರು ಗಮನಿಸಬೇಕು.

ವಿಶಾಲವಾದ ಕೋಣೆಗೆ ಬೆಳಕು ತಲುಪಿಸುವುದೂ ಸುಲಭವಲ್ಲ; ಕಿಟಕಿಯ ನೆತ್ತಿಯ ಎತ್ತರದ ಎರಡರಿಂದ ಎರಡೂವರೆ ಪಟ್ಟು ದೂರದಾಚೆಗೆ ಹಗಲ ಬೆಳಕು ಕ್ಷೀಣಿಸಿಬಿಡುತ್ತದೆ. ಈ ಸಮಸ್ಯೆಗೆ ನಮ್ಮ ಜಿಲ್ಲೆಯಲ್ಲಿಯೇ ಭವ್ಯವಾದ ಉತ್ತರವೊಂದು ಉಂಟು. 1367ರಲ್ಲಿ ಕಲಬುರಗಿಯ ಕೋಟೆಯೊಳಗೆ ನಿರ್ಮಿತವಾದ ಜಾಮಿ ಮಸೀದಿ, ಸುಮಾರು 216 ಅಡಿ ಉದ್ದ 176 ಅಡಿ ಅಗಲವಾಗಿದ್ದು, ಇತರ ಮಸೀದಿಗಳಂತೆ ತೆರೆದ ಅಂಗಳವನ್ನು ಹೊಂದದೆ ಸಂಪೂರ್ಣವಾಗಿ ಛಾವಣಿಯಿಂದ ಆವೃತವಾಗಿದೆ. ಅದನ್ನು ಕಟ್ಟಿದವರು ಪಡುವಣ ಗೋಡೆಯನ್ನು ಭದ್ರವಾಗಿ ಮುಚ್ಚಿ, ಉಳಿದ ಮೂರು ಪಾರ್ಶ್ವಗಳನ್ನು ವಿಸ್ತಾರವಾದ ಕಮಾನುಗಳಿಂದ ತೆರೆದಿರಿಸಿದರು. ಪಡುವಣವನ್ನು ಮುಚ್ಚಿದುದಕ್ಕೆ ಪ್ರಾರ್ಥನೆಯ ದಿಕ್ಕು ಕಾರಣ; ಆದರೂ ಕಲಬುರಗಿಯ ಬಿಸಿಲಿಗೆ ಅದು ಎಷ್ಟು ಯುಕ್ತವೆಂಬುದನ್ನು ಬೇಸಿಗೆಯ ಸಂಜೆ ಅಲ್ಲಿ ನಿಂತವರು ಬಲ್ಲರು.

ಹಗಲು ನಲವತ್ತು ಡಿಗ್ರಿ ದಾಟಿದ ಗಾಳಿ ಮೈಯ ಚರ್ಮಕ್ಕಿಂತ ಬಿಸಿಯಾಗಿರುವುದರಿಂದ, ಬೇಸಿಗೆಯ ಮುಂಜಾನೆಯೇ ಕಿಟಕಿ ಮುಚ್ಚಿ ಸಂಜೆ ತೆರೆಯುವ ನಮ್ಮ ಅಜ್ಜಿಯರ ಪದ್ಧತಿ ಶಾಸ್ತ್ರಸಮ್ಮತವಾದುದು. ರಾತ್ರಿಯೆಲ್ಲ ತೆರೆದಿಡಬೇಕಾದರೆ ಕಬ್ಬಿಣದ ಸರಳೂ ಸೊಳ್ಳೆಯ ಜಾಳಿಗೆಯೂ ಬೇಕು. ಜಾಳಿಗೆ ಗಾಳಿಯನ್ನು ತಡೆಯುವ ಕಾರಣ ಕಿಟಕಿಯ ಅಳತೆಯನ್ನು ಸ್ವಲ್ಪ ಹೆಚ್ಚಿಸಿಕೊಳ್ಳಬೇಕು. ಅಲ್ಯೂಮಿನಿಯಮ್ ಮರಕ್ಕಿಂತ ಸಾವಿರ ಪಟ್ಟಿಗೂ ಮಿಗಿಲಾಗಿ ಉಷ್ಣವನ್ನು ಸಾಗಿಸುತ್ತದೆಂಬುದು ನಿಜವಾದರೂ, ತೆರೆದ ಕಿಟಕಿಯ ಮನೆಯಲ್ಲಿ ಅದರ ಚೌಕಟ್ಟಿನಿಂದ ಒದಗುವ ಹಾನಿ ಅಲ್ಪ.

ಒಣ ಉಷ್ಣಪ್ರದೇಶದ ವಾಸದ ಕೋಣೆಗೆ ಬಾಗಿಲನ್ನು ಬಿಟ್ಟು ನೆಲದ ವಿಸ್ತೀರ್ಣದ ಹತ್ತರಲ್ಲಿ ಒಂದು ಭಾಗದಷ್ಟಾದರೂ ದ್ವಾರವಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ವಿಧಿಸಿದೆ. ನಾನೂರು ಚದರ ಅಡಿಯ ಪಡಸಾಲೆಗೆ ಅದು ನಲವತ್ತು ಚದರ ಅಡಿಯಾಯಿತು. ಈ ನಲವತ್ತನ್ನು ಒಂದೇ ಗಾಜಿನ ಕಿಟಕಿಯಾಗಿ ಬೀದಿಯ ಕಡೆಗೆ ಇಡಿಸಬೇಡಿರೆಂದು ಹೊಸ ಮನೆ ಕಟ್ಟಿಸುವವರಲ್ಲಿ ನನ್ನ ಪ್ರಾರ್ಥನೆ. ಬಡಗಣಕ್ಕೂ ತೆಂಕಣಕ್ಕೂ ತಗ್ಗಿನ ಕಿಟಕಿಗಳನ್ನು ಹಂಚಿ, ಪಡುವಣವನ್ನು ಗೋಡೆಗೆ ಬಿಟ್ಟು, ಸ್ಲ್ಯಾಬು ಹಾಕುವ ಮುನ್ನ ಮಧ್ಯದಲ್ಲೊಂದು ಬೆಳಕಿಂಡಿಗೆ ಸ್ಥಳ ಉಳಿಸಿರಿ. ಕಾಂಕ್ರೀಟು ಬಿದ್ದ ಮೇಲೆ ಅದನ್ನು ತೆರೆಸುವುದು ಕಷ್ಟಸಾಧ್ಯ.