ಹಳೆಯ ಗೋಡೆಗಳಿಗೆ ಮರುಜೀವ: ಕೊಡಗು ಮೂಲದ ವಾಸ್ತುಶಿಲ್ಪಿ ಬೃಂದಾ ಸೋಮಯ್ಯ

ಮುಂಬಯಿ: ದಿನನಿತ್ಯ ಚರ್ಚ್‌ಗೇಟ್ ಸ್ಟೇಷನಿನಲ್ಲಿ ಇಳಿದು ಕಚೇರಿಗೆ ಧಾವಿಸುವ ಲಕ್ಷಾಂತರ ಜನರಲ್ಲಿ, ಆ ಹೆಸರಿನಲ್ಲಿರುವ ಚರ್ಚ್ ಯಾವುದು ಎಂದು ವಿಚಾರಿಸಿದವರು ಕಡಿಮೆ. ಅದು ಸ್ಟೇಷನಿನ ಪಕ್ಕದಲ್ಲಿಲ್ಲ. ಫ್ಲೋರಾ ಫೌಂಟನ್ ದಾಟಿ ಹಾರ್ನಿಮನ್ ಸರ್ಕಲ್ ಕಡೆಗೆ ನಡೆದರೆ ಸಿಗುವ ಸೈಂಟ್ ಥಾಮಸ್ ಕೆಥೆಡ್ರಲ್ಲೇ ಆ ಚರ್ಚ್. ಹಿಂದಿನ ಕೋಟೆಯಲ್ಲಿ ಈ ಚರ್ಚಿಗೆ ಹೋಗುವ ಬಾಗಿಲಿಗೆ ಚರ್ಚ್‌ಗೇಟ್ ಎನ್ನುತ್ತಿದ್ದರು. ಕೋಟೆ ಹೋಯಿತು, ಬಾಗಿಲೂ ಹೋಯಿತು, ಹೆಸರು ಮಾತ್ರ ರೈಲಿನ ಫಲಕದಲ್ಲಿ ಉಳಿಯಿತು.

ಗವರ್ನರ್ ಜೆರಾಲ್ಡ್ ಆಂಜಿಯರ್ 1676ರಲ್ಲಿ ಆರಂಭಿಸಿದ ಈ ಚರ್ಚ್ ಅವನ ಮರಣಾನಂತರ ಸುಮಾರು ನಾಲ್ಕು ದಶಕ ಅರ್ಧಕ್ಕೇ ನಿಂತಿತ್ತು. ಪಾದ್ರಿ ರಿಚರ್ಡ್ ಕಾಬ್ ಹಣ ಸಂಗ್ರಹಿಸಿ ಪೂರ್ತಿಗೊಳಿಸಿ, 1718ರ ಕ್ರಿಸ್‌ಮಸ್ ದಿನ ಬಾಗಿಲು ತೆರೆದರು. 1837ರಲ್ಲಿ ಇದು ಕೆಥೆಡ್ರಲ್ ಆಯಿತು. ಕಾಲ ಸರಿದಂತೆ ಶಿಥಿಲವಾಗುತ್ತಿದ್ದ ಈ ಕಟ್ಟಡದ ಪುನರುಜ್ಜೀವನದ ಹೊಣೆ ಹೊತ್ತವರು ಬೃಂದಾ ಸೋಮಯ್ಯ. ಆ ಕೆಲಸಕ್ಕೆ 2004ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಸಂದಿತು.

ಕೊಡಗು ಮೂಲದ ಮನೆತನದಲ್ಲಿ 1949ರಲ್ಲಿ ಜನಿಸಿದ ಬೃಂದಾ, ಮುಂಬಯಿಯ ಸರ್ ಜೆ.ಜೆ. ವಾಸ್ತುಶಿಲ್ಪ ಕಾಲೇಜಿನ ವಿದ್ಯಾರ್ಥಿನಿ. ಮುಂದೆ ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಈ ವೃತ್ತಿಯಲ್ಲಿ ಮಹಿಳೆಯರು ಬೆರಳೆಣಿಕೆಯಷ್ಟಿದ್ದ 1970ರ ದಶಕದಲ್ಲೇ ಇದೇ ನಗರದಲ್ಲಿ ಸ್ವಂತ ಸಂಸ್ಥೆ ಆರಂಭಿಸಿದ ಧೈರ್ಯ ಅವರದು. ಹೊಸ ಕಟ್ಟಡಗಳ ಜೊತೆಗೆ, 2001ರ ಭೂಕಂಪದಲ್ಲಿ ನೆಲಸಮವಾದ ಕಛ್‌ನ ಭಡ್ಲಿ ಗ್ರಾಮದ ಪುನರ್ನಿರ್ಮಾಣದಲ್ಲೂ ತೊಡಗಿಸಿಕೊಂಡರು.

ಹಳೆಯ ಕಟ್ಟಡದ ರಿಪೇರಿ ಎಂದರೆ ಬಿರುಕಿಗೆ ಸಿಮೆಂಟ್ ಮೆತ್ತಿ ಬಣ್ಣ ಬಳಿಯುವುದು ಎಂಬುದು ಸಾಮಾನ್ಯ ತಿಳುವಳಿಕೆ. ತೊಂದರೆ ಆರಂಭವಾಗುವುದೇ ಅಲ್ಲಿಂದ. ಸುಣ್ಣದ ಗಾರೆಯಿಂದ ಕಟ್ಟಿದ ಗೋಡೆ ಮಳೆಗಾಲದಲ್ಲಿ ತೇವ ಹೀರಿ, ಬಿಸಿಲಿಗೆ ಹೊರಬಿಡುತ್ತದೆ. ಮೇಲೆ ಸಿಮೆಂಟ್ ಹೊದಿಸಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಅದರಲ್ಲಿನ ಉಪ್ಪು ಹರಳುಗಟ್ಟಿ ಕಲ್ಲಿನ ಮೈ ಪದರಪದರವಾಗಿ ಉದುರುತ್ತದೆ. ಆದ್ದರಿಂದ ಸಂರಕ್ಷಣೆಯಲ್ಲಿ ಮೊದಲ ಕೆಲಸ ಕಟ್ಟುವುದಲ್ಲ, ನೋಡುವುದು. ನೀರು ಎಲ್ಲಿಂದ ಬರುತ್ತಿದೆ, ಹಿಂದಿನವರು ಬಳಸಿದ ಸಾಮಗ್ರಿ ಯಾವುದು ಎಂದು ಅಳೆದು, ಬರೆದಿಟ್ಟುಕೊಂಡು, ಅಗತ್ಯವಿದ್ದಷ್ಟೇ ಕೈಹಾಕಬೇಕು.

ಇದೇ ತಾಳ್ಮೆ ಮುಂಬಯಿ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರದಲ್ಲೂ ಫಲ ನೀಡಿತು. ಹತ್ತಿ ವ್ಯಾಪಾರದ ಧನಿಕ ಪ್ರೇಮಚಂದ್ ರಾಯ್‌ಚಂದ್ ಹಣ ನೀಡಿ, ತಾಯಿಯ ಹೆಸರಿಡಲು ಕೋರಿದ ಈ 280 ಅಡಿಯ ಗೋಪುರ 1878ರಲ್ಲಿ ಪೂರ್ಣಗೊಂಡಿತ್ತು. ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ನೆರವಿನಿಂದ 2013ರಿಂದ 2015ರ ನಡುವೆ ಗೋಪುರ ಮತ್ತು ಗ್ರಂಥಾಲಯದ ದುರಸ್ತಿ ನಡೆದು, 2018ರಲ್ಲಿ ಯುನೆಸ್ಕೋ ಮನ್ನಣೆ ಲಭಿಸಿತು. ಅದೇ ವರ್ಷ ಓವಲ್ ಮೈದಾನದ ಸುತ್ತಲಿನ ಕಟ್ಟಡಗಳ ಸಮೂಹ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಎಲ್ಲ ಕಡೆಯೂ ಕಥೆ ಸುಖಾಂತವಲ್ಲ. ಅಹಮದಾಬಾದಿನ ಐಐಎಂನಲ್ಲಿ ಲೂಯಿ ಕಾನ್ ರೂಪಿಸಿದ ಇಟ್ಟಿಗೆಯ ಗ್ರಂಥಾಲಯವನ್ನು ಇವರ ಸಂಸ್ಥೆ ದುರಸ್ತಿಗೊಳಿಸಿ 2019ರಲ್ಲಿ ಯುನೆಸ್ಕೋ ಪ್ರಶಸ್ತಿ ಗಳಿಸಿತು. ಆದರೆ ಮರುವರ್ಷ ಡಿಸೆಂಬರಿನಲ್ಲೇ ಅದೇ ಆವರಣದ ಹಾಸ್ಟೆಲುಗಳನ್ನು ಕೆಡವುವ ಪ್ರಸ್ತಾವ ಬಂತು. ದೇಶವಿದೇಶಗಳ ವಿರೋಧದಿಂದ 2021ರ ಜನವರಿಯಲ್ಲಿ ಅದನ್ನು ಹಿಂದೆಗೆದುಕೊಂಡರೂ, 2022ರಲ್ಲಿ ಮಾತು ಮತ್ತೆ ಎದ್ದಿತು. ಪ್ರಶಸ್ತಿ ಫಲಕ ಕಟ್ಟಡವನ್ನು ಕಾಯುವುದಿಲ್ಲ, ಬಳಸುವವರ ಮನಸ್ಸೇ ಕಾಯಬೇಕು.

ಈ ಪಾಠ ನಮ್ಮ ಸಂಘ-ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತ ಹಿರಿಯರು ರೂಪಾಯಿ ರೂಪಾಯಿ ಕೂಡಿಸಿ ಕಟ್ಟಿದ ಸಭಾಗೃಹಗಳಿಗೆ ಈಗ ವಯಸ್ಸಾಗಿದೆ. ಊರಿನ ದೈವಸ್ಥಾನ, ದೇವಸ್ಥಾನಗಳ ಜೀರ್ಣೋದ್ಧಾರಕ್ಕೂ ಇಲ್ಲಿಂದ ದೇಣಿಗೆ ಹೋಗುತ್ತಿದೆ. ಆ ಹಣದಲ್ಲಿ ಕೆತ್ತಿದ ಮರದ ಕಂಬ ಕಿತ್ತು ಕಾಂಕ್ರೀಟ್ ನಿಲ್ಲಿಸುವುದು, ಹಳೆಯ ಕಲ್ಲಿನ ಮೇಲೆ ಟೈಲ್ಸ್ ಅಂಟಿಸುವುದು ಉದ್ಧಾರವೇ ಎಂದು ಕೇಳಿಕೊಳ್ಳಬೇಕಾಗಿದೆ. ಹೊಸ ಗೋಪುರಕ್ಕೆ ದಾನಿಗಳು ಸಿಗುತ್ತಾರೆ, ಕಲ್ಲಿನಲ್ಲಿ ಹೆಸರೂ ಬರುತ್ತದೆ. ಮಳೆಗೆ ಮುನ್ನ ಮಾಡಿನ ಹಂಚು ಸರಿಪಡಿಸುವ, ಗೋಡೆಯಲ್ಲಿ ಬೇರೂರಿದ ಅಶ್ವತ್ಥದ ಸಸಿ ಕೀಳುವ ಖರ್ಚಿಗೆ ದಾನಿಗಳಿಲ್ಲ. ವಾರ್ಷಿಕ ಲೆಕ್ಕಪತ್ರದಲ್ಲಿ ಆ ಸಣ್ಣ ಬಾಬ್ತಿಗೊಂದು ಸಾಲು ಇದ್ದರೆ, ಎಷ್ಟೋ ಕಟ್ಟಡಗಳಿಗೆ ದೊಡ್ಡ ರಿಪೇರಿಯೇ ಬೇಕಾಗದು.

ಮುಂದಿನ ಬಾರಿ ಫೋರ್ಟ್ ಕಡೆಗೆ ಹೋದಾಗ ಐದು ನಿಮಿಷ ಬಿಡುವು ಮಾಡಿಕೊಂಡು ಕೆಥೆಡ್ರಲ್ಲಿನ ಒಳಗೊಮ್ಮೆ ಹೋಗಿ ಬನ್ನಿ. ಮುನ್ನೂರು ವರ್ಷ ದಾಟಿದ ಆ ಗೋಡೆಗಳು ಇನ್ನೂ ನೇರವಾಗಿ ನಿಂತಿವೆ.