ನೆಲಜಲಗಳೆರಡಕ್ಕೂ ಸಲ್ಲುವ ಬಂಡಿ

ಬಂಡಿ ನೆಲಕ್ಕೆ, ದೋಣಿ ನೀರಿಗೆ ಎಂಬುದು ಬಹುಕಾಲದಿಂದ ನಡೆದುಬಂದಿರುವ ಹಂಚಿಕೆ. ಆದರೆ ನೆಲವೆಲ್ಲಿ ಮುಗಿಯಿತು, ನೀರೆಲ್ಲಿ ಮೊದಲಾಯಿತು ಎಂದು ಗೆರೆಯೆಳೆದು ತೋರಿಸಲಾಗದ ಪ್ರದೇಶಗಳು ಭೂಮಿಯ ಮೇಲೆ ಎಷ್ಟೋ ಇವೆ. ಕೆನಡಾ ದೇಶದ ಒಂಟೇರಿಯೊ ಪ್ರಾಂತದಲ್ಲಿ ಕಾಡು, ಕೊಳ, ಜೌಗುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಹಳ್ಳಿಗಾಡಿನಲ್ಲಿ ಮನೆಮಾಡಿಕೊಂಡವನ ಆಸ್ತಿಯಲ್ಲಿ ಇವು ಮೂರೂ ಇರುವುದುಂಟು. ಸೌದೆಗೆಂದು ಕಡಿದ ಮರ ಜೌಗಿನ ಆಚೆ ಬಿದ್ದಿರುತ್ತದೆ. ಬೇಲಿ ಕೊಳದ ಅಂಚಿನಲ್ಲಿ ಕುಸಿದಿರುತ್ತದೆ. ಬೀವರ್ ಎಂಬ ಪ್ರಾಣಿಯು ಕೊಂಬೆಕೆಸರುಗಳಿಂದ ಮೋರಿಯನ್ನು ಮುಚ್ಚಿ ದಾರಿಯ ಮೇಲೆಲ್ಲ ನೀರು ನಿಲ್ಲಿಸಿರುತ್ತದೆ. ಇಂಥ ಎಡೆಯಲ್ಲಿ ಟ್ರಾಕ್ಟರು ಹೂತುಕೊಳ್ಳುತ್ತದೆ, ದೋಣಿ ತಳಕಚ್ಚಿ ನಿಲ್ಲುತ್ತದೆ.

ಈ ತೊಡಕಿಗೆ ಪರಿಹಾರವಾಗಿ ಬಂದುದೇ ಆರು ಅಥವಾ ಎಂಟು ಗಾಲಿಗಳ ಪುಟ್ಟ ಉಭಯಚರ ವಾಹನ. ಇದರ ಪೂರ್ವಿಕರು ಯುದ್ಧಭೂಮಿಯವರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯು ಬಳಸಿದ 'ಡಕ್' ಎಂಬ ಆರು ಗಾಲಿಯ ಲಾರಿ 1944ರಲ್ಲಿ ನಾರ್ಮಂಡಿಯ ಕರಾವಳಿಯಲ್ಲಿ ಹಡಗುಗಳಿಂದ ದಡಕ್ಕೆ ಸಾಮಗ್ರಿಯನ್ನು ಹೊತ್ತು ತಂದಿತು. ಓಡುತ್ತಿರುವಾಗಲೇ ಟೈರುಗಳ ಗಾಳಿಯನ್ನು ಹೆಚ್ಚುಕಡಿಮೆ ಮಾಡುವ ಏರ್ಪಾಡು ಅದರ ಚಾಲಕನ ಕೈಯಲ್ಲಿತ್ತು. 1960ರ ದಶಕದಲ್ಲಿ, ಮನೆವಂದಿಗರೂ ಕೊಳ್ಳಬಹುದಾದ ಚಿಕ್ಕ ಬಂಡಿಗಳು ಕೆನಡಾದಲ್ಲಿ ತಲೆದೋರಿದವು. ಒಂಟೇರಿಯೊದ ನ್ಯೂ ಹ್ಯಾಂಬರ್ಗ್ ಊರಿನಲ್ಲಿ 1967ರಲ್ಲಿ ಹುಟ್ಟಿದ 'ಆರ್ಗೊ' ಅವುಗಳಲ್ಲಿ ಹೆಸರಾದುದು.

ಈ ಬಂಡಿಯ ಶಕ್ತಿ ಅದರ ಎಂಜಿನ್ನಿನಲ್ಲಿದೆಯೆಂದು ನೋಡಿದವರು ಭಾವಿಸುವುದು ಸಹಜ. ವಾಸ್ತವವಾಗಿ ಅದರ ಗುಟ್ಟಿರುವುದು ಭಾರವನ್ನು ಹರಡುವ ಕ್ರಮದಲ್ಲಿ. ಅದನ್ನು ಅರಿಯದೆ ಬಳಸುವವನಿಗೆ ಅಪಾಯವೂ ಅಲ್ಲಿಯೇ ಕಾದಿರುತ್ತದೆ.

ಕೆಸರಿನಲ್ಲಿ ಹೂಳದಿರುವುದೇಕೆ?

ಒಂದು ವಸ್ತು ಕೆಸರಿನಲ್ಲಿ ಇಳಿಯುವುದೋ ಇಲ್ಲವೋ ಎಂಬುದನ್ನು ಅದರ ತೂಕವೊಂದೇ ನಿರ್ಧರಿಸುವುದಿಲ್ಲ; ಆ ತೂಕ ಎಷ್ಟು ನೆಲದ ಮೇಲೆ ಹರಡಿದೆ ಎಂಬುದನ್ನೂ ನೋಡಬೇಕು. 70 ಕಿಲೋಗ್ರಾಂ ತೂಗುವ ಮನುಷ್ಯನು ನಡೆಯುವಾಗ ಒಂದು ಪಾದದ ಮೇಲೆ ನಿಲ್ಲುತ್ತಾನೆ. ಪಾದದ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರು ಎಂದುಕೊಂಡರೆ, ಪ್ರತಿ ಚದರ ಸೆಂಟಿಮೀಟರಿನ ಮೇಲೆ 0.35 ಕಿಲೋಗ್ರಾಂ ಒತ್ತಡ ಬೀಳುತ್ತದೆ. ಮೋಟಾರು ಕಾರಿನ ಟೈರಿನಲ್ಲಿ ಗಾಳಿಯ ಒತ್ತಡವು ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋಗ್ರಾಂ. ನೆಲದ ಮೇಲೆ ಬೀಳುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ.

ಉಭಯಚರ ಬಂಡಿಯ ಅಗಲವಾದ ಮೆತ್ತನೆಯ ಟೈರುಗಳಲ್ಲಿ ಈ ಒತ್ತಡ ಸುಮಾರು 0.2 ಕಿಲೋಗ್ರಾಂ ಮಾತ್ರ. ಬಂಡಿ, ಚಾಲಕ, ಹೊರೆ ಎಲ್ಲ ಕೂಡಿ 800 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಟೈರುಗಳು ಒಟ್ಟು 4,000 ಚದರ ಸೆಂಟಿಮೀಟರು ನೆಲವನ್ನು ಮುಟ್ಟುವಷ್ಟು ಚಪ್ಪಟೆಯಾಗಿ ಆ ಭಾರವನ್ನು ಹೊರುತ್ತವೆ; ಎಂಟು ಗಾಲಿಗಳಿದ್ದರೆ ಗಾಲಿಯೊಂದಕ್ಕೆ 500. ಮನುಷ್ಯನಿಗಿಂತ ಹತ್ತು ಪಟ್ಟಿಗೂ ಮಿಗಿಲಾಗಿ ತೂಗುವ ಯಂತ್ರವು ಅವನ ಹೆಜ್ಜೆಗಿಂತ ಹಗುರವಾಗಿ ನೆಲವನ್ನು ಒತ್ತುತ್ತದೆ!

ಇಲ್ಲೊಂದು ಸೂಕ್ಷ್ಮವುಂಟು. ಬೆಚ್ಚನೆಯ ಕೊಟ್ಟಿಗೆಯಲ್ಲಿ 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಗಾಳಿ ತುಂಬಿ, ಬಂಡಿಯನ್ನು ಸೊನ್ನೆಗಿಂತ 20 ಡಿಗ್ರಿ ಕೆಳಗಿರುವ ಚಳಿಗೆ ಒಯ್ದರೆ ಏನಾಗುತ್ತದೆ? ವಾಯುಮಂಡಲದ 1.03ನ್ನು ಸೇರಿಸಿ ಟೈರಿನೊಳಗಿನ ಪೂರ್ಣ ಒತ್ತಡ 1.23. ಗಾತ್ರ ಬದಲಾಗದಿದ್ದರೆ ಒತ್ತಡವು ನಿರಪೇಕ್ಷ ಉಷ್ಣತೆಗೆ ಅನುಗುಣವಾಗಿ ಇಳಿಯಬೇಕು. 293ರಿಂದ 253ಕ್ಕೆ ಬಂದಾಗ ಪೂರ್ಣ ಒತ್ತಡ 1.06 ಆಗುತ್ತದೆ, ಎಂದರೆ ಹೊರಗಿನ ಗಾಳಿಗಿಂತ ಹೆಚ್ಚಾಗಿ ಉಳಿಯುವುದು 0.03 ಮಾತ್ರ. ಕಾರಿನ ಟೈರು ಇಷ್ಟೇ ಚಳಿಗೆ ತುಸು ಮೆತ್ತಗಾದೀತು; ಈ ಟೈರು ಕುಸಿದೇ ಹೋಗುತ್ತದೆ. ಆದುದರಿಂದ ಗಾಳಿಯನ್ನು ಕೆಲಸದ ಸ್ಥಳದ ಚಳಿಯಲ್ಲಿಯೇ, ಸಣ್ಣ ಒತ್ತಡಗಳನ್ನು ತೋರಿಸುವ ಮಾಪಕದಿಂದ ಅಳೆಯಬೇಕು.

ತೇಲುವ ಲೆಕ್ಕ

ಬಂಡಿಯ ದೇಹವು ಪಾಲಿಎಥಿಲೀನಿನಂಥ ಪ್ಲಾಸ್ಟಿಕ್ಕಿನಿಂದ ಮಾಡಿದ ಒಂದು ತೊಟ್ಟಿ. ಆರ್ಕಿಮಿಡೀಸನ ನಿಯಮದಂತೆ, 800 ಕಿಲೋಗ್ರಾಂ ತೂಗುವ ಬಂಡಿ ತೇಲಬೇಕಾದರೆ 800 ಲೀಟರು ನೀರನ್ನು ಪಕ್ಕಕ್ಕೆ ಸರಿಸಬೇಕು. ಈ ಕೆಲಸದಲ್ಲಿ ಗಾಳಿ ತುಂಬಿದ ಟೈರುಗಳದೂ ದೊಡ್ಡ ಪಾಲು. ಒಂದೊಂದು ಟೈರು 80 ಲೀಟರು ಗಾತ್ರವುಳ್ಳದ್ದೆಂದು ಇಟ್ಟುಕೊಂಡರೆ ಎಂಟು ಸೇರಿ 640 ಲೀಟರು. ಅವು ಮುಕ್ಕಾಲು ಭಾಗ ಮುಳುಗಿದರೆ 480 ಲೀಟರಿನ ಲೆಕ್ಕ ತೀರಿತು. ತೊಟ್ಟಿಗೆ ಉಳಿಯುವುದು 320 ಮಾತ್ರ. ನಮ್ಮ ತುಂಗಭದ್ರೆಯ ಹರಿಗೋಲು ತನ್ನ ಅಗಲದಿಂದ ಪಡೆಯುವ ಉಪಕಾರವನ್ನು ಈ ಬಂಡಿಯು ತೊಟ್ಟಿಯಿಂದಲೂ ಟೈರಿನಿಂದಲೂ ಪಡೆಯುತ್ತದೆ.

ಅನೇಕ ಬಂಡಿಗಳಿಗೆ ನೀರಿನಲ್ಲಿ ನೂಕಲು ಬೇರೆ ಸಾಧನವಿಲ್ಲ. ತಿರುಗುವ ಟೈರುಗಳ ಏಣುಗಳೇ ಹುಟ್ಟುಗಳಾಗುತ್ತವೆ. ಗಾಲಿಯ ಕೆಳಭಾಗ ನೀರನ್ನು ಹಿಂದಕ್ಕೆ ತಳ್ಳುತ್ತದೆ, ಬಂಡಿ ಮುಂದಕ್ಕೆ ಸಾಗುತ್ತದೆ. ಹೊರೆ ಹೆಚ್ಚಿ ಗಾಲಿ ಪೂರ್ತಿ ಮುಳುಗಿದರೆ ಅದರ ಮೇಲ್ಭಾಗವು ನೀರನ್ನು ಮುಂದಕ್ಕೆ ತಳ್ಳತೊಡಗಿ, ಗಳಿಸಿದ್ದನ್ನು ಕಳೆಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿಯೂ ವೇಗ ಗಂಟೆಗೆ ಸುಮಾರು 5 ಕಿಲೋಮೀಟರು, ಮನುಷ್ಯನ ನಡಿಗೆಯಷ್ಟು. ಸೆಕೆಂಡಿಗೆ ಒಂದೂವರೆ ಮೀಟರು ಹರಿಯುವ ಹೊಳೆಯ ವೇಗ ಗಂಟೆಗೆ 5.4 ಕಿಲೋಮೀಟರಾಯಿತು. ಅಂಥ ಹೊಳೆಗಿಳಿದ ಬಂಡಿಯು ಎದುರೀಜಲಾರದು. ಪ್ರವಾಹ ಒಯ್ದಲ್ಲಿಗೆ ಹೋಗುತ್ತದೆ. ಇದು ನಿಂತ ನೀರಿನ ಯಂತ್ರವೆಂದು ತಿಳಿದಿರುವುದು ಲೇಸು.

ಮನೆಗೆಲಸದಲ್ಲಿ

ಒಂಟೇರಿಯೊದಲ್ಲಿ ಮಾರ್ಚ್ ತಿಂಗಳ ಹೊತ್ತಿಗೆ ಇರುಳು ಹೆಪ್ಪುಗಟ್ಟಿ ಹಗಲು ಕರಗುವ ದಿನಗಳು ಬಂದಾಗ ಮೇಪಲ್ ಮರಗಳಿಂದ ಸಿಹಿರಸವನ್ನು ಇಳಿಸುತ್ತಾರೆ. ಒಂದು ಲೀಟರು ಪಾಕಕ್ಕೆ ಸುಮಾರು 40 ಲೀಟರು ರಸ ಬೇಕು. ಐದು ಲೀಟರು ಪಾಕವನ್ನು ಬಯಸುವ ಮನೆಯವರು 200 ಲೀಟರು ರಸವನ್ನು, ಎಂದರೆ ಸುಮಾರು 200 ಕಿಲೋಗ್ರಾಂ ಭಾರವನ್ನು, ಕರಗುಮಂಜಿನ ಕೆಸರಿನಲ್ಲಿ ಸಾಗಿಸಬೇಕು. ಈ ಬಂಡಿಗೆ ಇದಕ್ಕಿಂತ ತಕ್ಕ ಕೆಲಸ ಮತ್ತೊಂದಿಲ್ಲ.

ಆದರೆ ಅರೆತುಂಬಿದ ಪೀಪಾಯಿ ಅಪಾಯಕರವಾದುದು. ಬಂಡಿ ಎಡಕ್ಕೆ ವಾಲಿದೊಡನೆ ರಸವೂ ಎಡಕ್ಕೆ ನುಗ್ಗಿ ವಾಲಿಕೆಯನ್ನು ಹೆಚ್ಚಿಸುತ್ತದೆ. ತುಂಬಿದ ಚಿಕ್ಕ ಡಬ್ಬಗಳಲ್ಲಿ ಹಂಚಿ, ಅವನ್ನು ತೊಟ್ಟಿಯ ತಳದಲ್ಲಿ ಅಲುಗದಂತೆ ಕಟ್ಟಿದರೆ ಈ ಭಯವಿಲ್ಲ. ಸೌದೆಗೂ ಇದೇ ಮಾತು ಸಲ್ಲುತ್ತದೆ. ಎತ್ತರಕ್ಕೆ ಪೇರಿಸಿದಷ್ಟೂ ಗುರುತ್ವಕೇಂದ್ರ ಮೇಲಕ್ಕೇರುತ್ತದೆ. ನೆಲದ ಮೇಲೆ ಹೇಗೋ ಸಹಿಸಿಕೊಂಡ ಬಂಡಿ ನೀರಿನಲ್ಲಿ ಮಗುಚಿಕೊಳ್ಳಬಹುದು. ತಯಾರಕರು ನೀರಿನ ಮೇಲಣ ಹೊರೆಯನ್ನು ನೆಲದ ಮೇಲಣ ಹೊರೆಗಿಂತ ಕಡಿಮೆಯಾಗಿ ಗೊತ್ತುಪಡಿಸುವುದು ಸುಮ್ಮನಲ್ಲ.

ತಿರುಗುವ ರೀತಿಯೂ ಇಲ್ಲಿ ಬೇರೆ. ಮುಂದಿನ ಗಾಲಿಗಳು ಹೊರಳುವುದಿಲ್ಲ. ಒಂದು ಪಕ್ಕದ ಗಾಲಿಗಳನ್ನು ಬ್ರೇಕಿನಿಂದ ತಡೆದರೆ ಇನ್ನೊಂದು ಪಕ್ಕದವು ಬಂಡಿಯನ್ನು ಸುತ್ತಿಸುತ್ತವೆ. ಆಗ ಟೈರುಗಳು ಅಡ್ಡಡ್ಡವಾಗಿ ಜಾರಿ ನೆಲವನ್ನು ಉಜ್ಜುತ್ತವೆ. ನೇರವಾಗಿ ಹೋಗುವಾಗ ಹುಲ್ಲನ್ನು ಬಾಗಿಸಿಯಷ್ಟೆ ಸಾಗಿದ ಬಂಡಿಯು ನಿಂತಲ್ಲಿಯೇ ತಿರುಗಿದರೆ ಅದನ್ನು ಬೇರುಸಹಿತ ಕೀಳುತ್ತದೆ. ಜೌಗಿನ ಸಸ್ಯಗಳನ್ನು ಕಾಪಾಡಬೇಕೆನ್ನುವವನು ವಿಶಾಲವಾಗಿ ಬಳಸಿ ತಿರುಗಬೇಕು.

ನೀರಿಗಿಳಿಯುವ ಮುನ್ನ

ತೊಟ್ಟಿಯ ತಳದಲ್ಲಿ, ಒಳಸೇರಿದ ನೀರನ್ನು ಬಿಡಲು ರಂಧ್ರಗಳಿರುತ್ತವೆ, ಅವುಗಳಿಗೆ ಬಿರಡೆಗಳುಂಟು. ತೊಳೆಯುವಾಗ ತೆಗೆದ ಬಿರಡೆಯನ್ನು ಮತ್ತೆ ಹಾಕಿದೆಯೇ ಎಂದು ಕೈಯಿಂದ ಮುಟ್ಟಿ ನೋಡದೆ ನೀರಿಗಿಳಿಯಬಾರದು. 50 ಲೀಟರು ನೀರು ಒಳನುಗ್ಗಿದರೆ 50 ಕಿಲೋಗ್ರಾಂ ಹೊರೆ ಕೂಡಿತು. ಅದೂ ಅರೆತುಂಬಿದ ಪೀಪಾಯಿಯಂತೆ ಅತ್ತಿತ್ತ ತುಳುಕುವ ಹೊರೆ. ಅಚ್ಚಿನ ಬೇರಿಂಗುಗಳಿಗೆ ಗ್ರೀಸು ತುಂಬಿರಬೇಕು. ಗಾಲಿಗಳಿಗೆ ಚಲನೆಯನ್ನು ಒಯ್ಯುವ ಸರಪಳಿಗಳಿಗೆ ಎಣ್ಣೆ ತಪ್ಪಬಾರದು. ಮೇಲೇರಬೇಕಾದ ಎದುರು ದಡವನ್ನು ಮೊದಲೇ ನೋಡಿಟ್ಟುಕೊಳ್ಳಬೇಕು. ಮುಂಗಾಲಿಗಳು ದಡ ಹತ್ತುವಾಗ ಹಿಂಗಾಲಿಗಳು ಇನ್ನೂ ತೇಲುತ್ತಿರುವುದರಿಂದ, ಕಡಿದಾದ ದಡದಲ್ಲಿ ಬಂಡಿಯ ಹಿಂಭಾಗ ನೀರಿನೊಳಗೆ ತಗ್ಗುತ್ತದೆ. ಕೊಳ ಎಷ್ಟೇ ಚಿಕ್ಕದಾಗಿರಲಿ, ಕುಳಿತವರೆಲ್ಲರೂ ಲೈಫ್ ಜಾಕೆಟ್ಟು ತೊಟ್ಟಿರಬೇಕು. ಮಂಜು ಕರಗಿದ ನೀರಿನ ಶೈತ್ಯದಲ್ಲಿ ಬಲ್ಲ ಈಜುಗಾರನ ಕೈಕಾಲುಗಳೂ ಬೇಗನೆ ಸೋಲುತ್ತವೆ.

ನೆಲವು ಕೆಲವೊಮ್ಮೆ ನಮ್ಮ ತಪ್ಪನ್ನು ಮನ್ನಿಸುತ್ತದೆ. ಹೂತ ಬಂಡಿಯನ್ನು ಮರುದಿನ ಎಳೆದು ತೆಗೆಯಬಹುದು. ನೀರಿನ ಲೆಕ್ಕದಲ್ಲಿ ಆ ಸಡಿಲಿಕೆಯಿಲ್ಲ. ಸರಿಸಿದ ಒಂದೊಂದು ಲೀಟರಿಗೆ ಒಂದೊಂದು ಕಿಲೋಗ್ರಾಂನಂತೆ ಅದು ಎತ್ತಿಹಿಡಿಯುತ್ತದೆ, ಅದಕ್ಕಿಂತ ಹೆಚ್ಚಿಲ್ಲ. ಹೊರೆಯನ್ನು ಏರಿಸುವ ಮೊದಲೇ ಈ ಗಣಿತವನ್ನು ಮಾಡಿಕೊಂಡವನಿಗೆ, ಜೌಗಿನ ಆಚೆಯ ಸೌದೆಯೂ ಕೊಳದಂಚಿನ ಬೇಲಿಯೂ ದೂರವಲ್ಲ.